ಅಪ್ಪ ಕೇಳಿದ ಕಡಾಣಿ

"ಹೇಳಪ್ಪಾ ವೀರೇಶ, ಇವಳ ಹೆಸರೇನು? ಹೇಳು ನೋಡಾನ."

ಸೀರೆ ಅಂಗಡಿ ರಾಜಣ್ಣ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಜ್ಯೋತಿಯ ಭುಜ ಹಿಡಿದು ಅವಳನ್ನು ಅಪ್ಪನ ಎದುರಿಗೇ ನಿಲ್ಲಿಸಿದ್ದರು.

ಜ್ಯೋತಿ ಉಸಿರು ಬಿಗಿ ಹಿಡಿದಳು. ಅಪ್ಪ ಅವಳನ್ನೇ ನೋಡಿದ. ತುಟಿ ಅಲುಗಿತು. ಹಣೆ ಗಂಟಾಯಿತು. ಮೂಟೆ ಎತ್ತುವವನ ಹಾಗೆ ಮುಖವೆಲ್ಲ ಕೆಂಪಾಯಿತು.

"ಬ... ಬ... ಬಕೀಟು," ಅಂದ.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಲೋಹಿತ ಕಿಸಕ್ಕನೆ ನಕ್ಕ. ಅವನನ್ನು ಅಲ್ಲೇ ಹಿಡಿದು ನಾಲ್ಕು ಬಾರಿಸಬೇಕು ಅನ್ನಿಸಿತು ಜ್ಯೋತಿಗೆ. ಆದರೆ ರಾಜಣ್ಣ ಭುಜ ಬಿಟ್ಟಿರಲಿಲ್ಲ.

"ಚ್ಚ್ ಚ್ಚ್," ಅಂದರು ರಾಜಣ್ಣ. "ಎಂಥ ಮೆಕ್ಯಾನಿಕ್ಕು ಹೆಂಗಾದ ನೋಡಮ್ಮ ಶಾರದಮ್ಮ. ಮಗಳ ಗುರ್ತೇ ಸಿಗ್ತಿಲ್ಲ ಅಂದ್ರೆ, ತಲೇಲಿ ಏನೂ ಉಳ್ದಿಲ್ಲ ಅಂತ ಕಾಣ್ತೈತೆ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ರಾಜಣ್ಣ ಕೆಟ್ಟವರಲ್ಲ ಬಿಡಿ. ಬರುವಾಗ ಎಳನೀರು ತಂದಿದ್ದರು. ಆದರೆ ಬಂದವರೆಲ್ಲ ಹೀಗೇ. ಕೈಯಲ್ಲಿ ಬ್ರೆಡ್ಡು, ಮೂಸಂಬಿ, ಬಾಯಲ್ಲಿ ಒಂದು ಪ್ರಶ್ನೆ. ಇದೇನು ಹೇಳು, ಅದೇನು ಹೇಳು, ನಾನ್ಯಾರು ಹೇಳು. ಜ್ಯೋತಿಯ ಸ್ಕೂಲಲ್ಲಿ ಗಣಿತದ ಟೆಸ್ಟಾದರೂ ತಿಂಗಳಿಗೊಂದು. ಅಪ್ಪನಿಗೆ ದಿನಾ ಟೆಸ್ಟು, ದಿನಾ ಫೇಲು.

ಲಕ್ವ ಹೊಡೆದು ಅಪ್ಪನ ಬಲಗೈ, ಬಲಗಾಲು ಸೋತಿದ್ದವು. ಅದಾದರೂ ಕಣ್ಣಿಗೆ ಕಾಣುತ್ತಿತ್ತು. ಮಾತು ಎಲ್ಲಿಗೆ ಹೋಯಿತು ಅಂತ ಮಾತ್ರ ಯಾರಿಗೂ ತಿಳಿಯಲಿಲ್ಲ. ಮೊದಮೊದಲು ಬಾಯೇ ಬರುತ್ತಿರಲಿಲ್ಲ. ಈಗೀಗ ಒಂದೊಂದು ಪದ ಬರುತ್ತಿತ್ತು, ಆದರೆ ಬಂದದ್ದೆಲ್ಲ ಬೇರೇನೇ. ನೀರು ಬೇಕಾದರೆ 'ಚಪ್ಲಿ' ಅನ್ನುವುದು. ಫ್ಯಾನ್ ಹಾಕು ಅನ್ನುವುದಕ್ಕೆ 'ಬೆಲ್ಲ'. ಡಾಕ್ಟರು, "ಸ್ವಲ್ಪ ಸ್ವಲ್ಪ ಬರಬಹುದು, ಕಾಯಬೇಕು," ಅಂದಿದ್ದರು. ಎಷ್ಟು ಕಾಯಬೇಕು ಅಂತ ಹೇಳಿರಲಿಲ್ಲ.

ಜ್ಯೋತಿಗೆ ಗೊತ್ತಾಗಬೇಕಾಗಿದ್ದು ಒಂದೇ. ಅಪ್ಪನಿಗೆ ತಾನು ಯಾರು ಅಂತ ಗೊತ್ತಾ, ಇಲ್ಲವಾ? ಅವ್ವನನ್ನು ಕೇಳೋಣ ಅಂದರೆ ಭಯ. 'ಇಲ್ಲ' ಅಂದುಬಿಟ್ಟರೆ?

"ಕೇಳಾಕೆ ನಾಲಿಗೆ ಬರಲ್ಲಮ್ಮ," ರಾಜಣ್ಣ ಎದ್ದು ನಿಂತು ತಲೆ ಕೆರೆದುಕೊಂಡರು. "ಆದ್ರೆ ಕಾರು ಹಂಗೇ ಐತಲ್ಲ. ಭಾನುವಾರ ನಮ್ ಮಗಳು-ಕೂಸು ಇಬ್ರನ್ನೂ ಚಳ್ಳಕೆರೆಯಿಂದ ಕರ್ಕೊಂಬರ್ಬೇಕು."

"ಮಾರುತೇಶ ಬರ್ತಾನೆ ಕಣಣ್ಣ. ಅವತ್ತೇ ಜೋಡ್ಸಿ ಕೊಡ್ತಾನೆ," ಅಂದಳು ಅವ್ವ. ಆಮೇಲೆ ದನಿ ತಗ್ಗಿಸಿದಳು. "ರಿಪೇರಿ ಸಾಮಾನೆಲ್ಲ ಅವ್ನೇ ಒಯ್ತಾನೆ. ಗ್ಯಾರೇಜಿಗೆ ಬೀಗ ಹಾಕೋದೇ. ಇನ್ನೇನ್ ಮಾಡಾನ ಹೇಳು."

ಜ್ಯೋತಿ ಸರ್ರನೆ ಹೊರಗೆ ಓಡಿದಳು.

ಮನೆಯ ಮುಂದೇ ಶೀಟು ಹೊದಿಸಿದ ಗ್ಯಾರೇಜು. ಅದರ ತುಂಬ ರಾಜಣ್ಣನ ಬಿಳಿ ಕಾರು. ಮುಂದಿನ ಒಂದು ಚಕ್ರ ಇಲ್ಲ. ಅಲ್ಲಿ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದೆ. ಪಕ್ಕದಲ್ಲಿ ಒಂದು ಅಗಲದ ಸ್ಟೀಲ್ ತಟ್ಟೆ, ತಟ್ಟೆಯ ಮೇಲೆ ಪೇಪರು, ಪೇಪರಿನ ಕೆಳಗೆ ಬಿಚ್ಚಿದ ಸಾಮಾನು. ಲಕ್ವ ಹೊಡೆದ ಬೆಳಿಗ್ಗೆ ಅದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಯುತ್ತಾ ಕೂತಿದ್ದ ಅಪ್ಪ ಹಾಗೇ ಪಕ್ಕಕ್ಕೆ ವಾಲಿದ್ದ. ಅಲ್ಲಿಗೆ ನಿಂತ ಕೆಲಸ ಅಲ್ಲೇ ನಿಂತಿತ್ತು.

ಕಾರಿನ ಮುಂದಿನ ಚಕ್ರಕ್ಕೆ ಎರಡು ಕೆಲಸ ನೋಡಿ. ಮುಂದಕ್ಕೆ ಉರುಳಬೇಕು, ಸ್ಟೇರಿಂಗ್ ತಿರುಗಿಸಿದರೆ ಪಕ್ಕಕ್ಕೂ ಹೊರಳಬೇಕು. ಎರಡೂ ಒಟ್ಟಿಗೆ ಆಗಬೇಕು ಅಂದರೆ ಚಕ್ರದ ಹತ್ತಿರ ಒಂದು ಕೀಲು ಬೇಕು. ಗ್ಯಾರೇಜಿನವರು ಅದಕ್ಕೆ ಸಿ.ವಿ. ಜಾಯಿಂಟ್ ಅಂತಾರೆ. ಅದರ ಮೇಲಿನ ರಬ್ಬರ್ ಹೊದಿಕೆ, ಅಂದರೆ ಬೂಟು, ಹರಿದು, ಒಳಗಿನ ಗ್ರೀಸು ಸೋರಿ, ಮಣ್ಣು ಹೊಕ್ಕರೆ ಕತೆ ಮುಗಿಯಿತು. ತಿರುವಿನಲ್ಲೆಲ್ಲ ಕಟಕಟಕಟ.

"ಕಾರಿಗೆ ಮೊಣಕಾಲು ನೋವು ಕಣೇ," ಅನ್ನುತ್ತಿದ್ದ ಅಪ್ಪ. "ಮೊಣಕಾಲು ರಿಪೇರಿಗೆ ಮೊಳಕಾಲ್ಮೂರಿಗಿಂತ ಒಳ್ಳೆ ಊರು ಎಲ್ಲೈತೆ ಹೇಳು?" ಅಂತ ತಾನೇ ಹೇಳಿ ತಾನೇ ನಗುತ್ತಿದ್ದ. ಎಷ್ಟು ಸಲ ಹೇಳಿದರೂ ನಗುತ್ತಿದ್ದ. ಆ ಅಪ್ಪ ಬೇಕಾಗಿತ್ತು ಜ್ಯೋತಿಗೆ. ತುಂಬಾ ಬೇಕಾಗಿತ್ತು.

ಭಾನುವಾರ ಮೊದಲ ಬಸ್ಸಿಗೇ ಮಾರುತೇಶ ಚಿಕ್ಕಪ್ಪ ಬಂದಿಳಿದ. ಅಪ್ಪನ ತಮ್ಮ ಅವನು. ಚಳ್ಳಕೆರೆಯಲ್ಲಿ ಒಂದು ಗ್ಯಾರೇಜಲ್ಲಿ ಕೆಲಸ. ಕೈಯಲ್ಲಿ ಹೊಸ ಬೂಟಿನ ಪೊಟ್ಟಣ, ಗ್ರೀಸಿನ ಡಬ್ಬಿ.

"ಅಣ್ಣಾ, ಹೆಂಗಿದ್ದೀಯಾ?" ಅಂದ. ಅಣ್ಣನ ಮುಖ ನೋಡಿದ. ಲುಂಗಿ ಎತ್ತಿ ಕಟ್ಟಿ ಸೀದಾ ಗ್ಯಾರೇಜಿಗೆ ಹೋದ.

ಅಷ್ಟರಲ್ಲಿ ಒಳಗಿಂದ ದಬ ದಬ ಸದ್ದು. ಅಪ್ಪ ಎಡಗೈಯಿಂದ ಮಂಚ ಗುದ್ದುತ್ತಿದ್ದ. ಕಣ್ಣು ಗ್ಯಾರೇಜಿನ ಕಡೆ.

"ಅಲ್ಲಿಗೆ ಬೇಡ ಕಣ್ರೀ, ನೋಡಿ ಸಂಕಟ ಆಗ್ತೈತೆ," ಅಂದಳು ಅವ್ವ. ಕೇಳುವವರು ಯಾರು? ದಬ ದಬ ದಬ. ಕೊನೆಗೆ ಅವ್ವ, ಚಿಕ್ಕಪ್ಪ ಇಬ್ಬರೂ ಹಿಡಿದು ಕರೆತಂದು ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರು. ಆಗ ಸುಮ್ಮನಾದ.

ಜ್ಯೋತಿ ಟಾರ್ಚ್ ಹಿಡಿದು ನಿಂತಳು. ಚಿಕ್ಕಪ್ಪ ತೊಳೆದ ಸಾಮಾನೆಲ್ಲ ಬಟ್ಟೆಯಿಂದ ಒರೆಸಿದ. ಬಟ್ಟಲಿನಂಥ ಒಂದು ದಪ್ಪ ಕಬ್ಬಿಣ. ಅದರೊಳಗೆ ಕೂರುವ ಒಂದು ಬಳೆ, ಬಳೆಯ ಸುತ್ತ ಪುಟ್ಟ ಕಿಟಕಿಗಳು. ಕಿಟಕಿಗೊಂದು ಉಕ್ಕಿನ ಗುಂಡು, ಹೊಳೆಯುವ ಗೋಲಿಯ ಥರ.

"ನೋಡು, ಬಳೇನ ಓರೆ ಮಾಡ್ಬೇಕು. ಒಂದು ಕಿಟಕಿ ಮೇಲೆದ್ದಾಗ ಗುಂಡು ಒತ್ಬೇಕು. ಆಮೇಲೆ ಈ ಕಡೆ ಓರೆ ಮಾಡು, ಆ ಕಡೇದು ಒತ್ತು," ಅಂದ ಚಿಕ್ಕಪ್ಪ. ಕೊನೆಯ ಗುಂಡು ಹಟ ಮಾಡಿತು. "ಬಾರಲೇ, ಬಾ. ಇಷ್ಟು ದಿನ ರಜಾ ಸಾಕು," ಅಂತ ಅದಕ್ಕೆ ಬೈದು ಒತ್ತಿದ. ಟಪ್ಪನೆ ಕೂತಿತು.

ಆಗಲೇ ರಾಜಣ್ಣ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೂಸಿಗೆ ಅಂತ ಹೊಸ ಟವೆಲ್ಲು. "ಆಯ್ತೇನಪ್ಪಾ? ಹೊತ್ತಾಗ್ತೈತೆ."

"ಆತು ಅಣ್ಣಾ, ಇನ್ನೇನು," ಅಂದ ಚಿಕ್ಕಪ್ಪ. ಗ್ರೀಸಿನ ಡಬ್ಬಿ ತೆಗೆದ. ಕಪ್ಪು ಗ್ರೀಸು. ಎರಡು ಬೆರಳಲ್ಲಿ ತೆಗೆದು ಗುಂಡುಗಳ ಮೇಲೆ ಸವರಿದ.

"ಕೀಲೆಣ್ಣೆ," ಅಂದ ಅಪ್ಪ.

ಎಲ್ಲರೂ ತಿರುಗಿ ನೋಡಿದರು. ಅಪ್ಪ ಎಡಗೈ ಎತ್ತಿ ಹೆಬ್ಬೆರಳಿಂದ ಗಾಳಿಯನ್ನು ಒತ್ತಿ ಒತ್ತಿ ತೋರಿಸುತ್ತಿದ್ದ. "ಕೀಲೆಣ್ಣೆ... ಕೀಲೆಣ್ಣೆ."

"ಅಣ್ಣ ಎತ್ತಿನ ಗಾಡಿ ಕಾಲಕ್ಕೆ ಹೋಗ್ಬಿಟ್ಟ," ಅಂದ ಚಿಕ್ಕಪ್ಪ. ನಗಲು ನೋಡಿದ, ನಗು ಬರಲಿಲ್ಲ. "ಪಾಪ," ಅಂದರು ರಾಜಣ್ಣ. ಟಾರ್ಚ್ ಹಿಡಿದ ಜ್ಯೋತಿಯ ಕೈ ಕೆಳಗಿಳಿಯಿತು.

ಚಿಕ್ಕಪ್ಪ ಅವಸರದಲ್ಲಿದ್ದ. ಉದ್ದದ ಆಕ್ಸಲ್ ರಾಡಿಗೆ ಮೊದಲು ಹೊಸ ಬೂಟು ಏರಿಸಿದ. "ಬೂಟು ಮೊದ್ಲು, ಜಾಯಿಂಟು ಆಮೇಲೆ. ಇದು ಮರೆತ್ರೆ ಎಲ್ಲಾ ಮತ್ತೆ ಬಿಚ್ಚೋದೇ," ಅಂದ. ಆಮೇಲೆ ಜಾಯಿಂಟನ್ನು ರಾಡಿನ ತುದಿಗೆ ಕೊಟ್ಟು ಮರದ ಸುತ್ತಿಗೆಯಿಂದ ಬಡಿದ. ಸರಕ್ಕನೆ ಒಳಗೆ ಹೋಯಿತು.

"ಕಡಾಣಿ," ಅಂದ ಅಪ್ಪ.

ಚಿಕ್ಕಪ್ಪ ಬೂಟನ್ನು ಜಾಯಿಂಟಿನ ಮೇಲೆ ಎಳೆಯತೊಡಗಿದ.

"ಕಡಾಣಿ! ಕಡಾಣಿ!" ಅಪ್ಪ ಕುರ್ಚಿಯ ಕೈ ಗುದ್ದಿದ. ಕತ್ತಿನ ನರ ಉಬ್ಬಿತು.

"ಯಾವ ಗಾಡಿ ಅಣ್ಣಾ? ನಮ್ಮಪ್ಪ ಇದ್ದಾಗ್ಲೇ ಗಾಡಿ ಮಾರಿ ಆತಲ್ಲ," ಅಂದ ಚಿಕ್ಕಪ್ಪ ಮೆತ್ತಗೆ. "ಇದು ಕಾರು. ರಾಜಣ್ಣನ ಕಾರು."

ಅಪ್ಪ ಜೋರಾಗಿ ಅಡ್ಡಡ್ಡ ತಲೆ ಆಡಿಸಿದ. "ಕಡಾಣೀ!"

"ಹಳೇದೆಲ್ಲ ತಲೇಲಿ ಕಲಸ್ಕೊಂಡೈತೆ," ಅಂದರು ರಾಜಣ್ಣ. "ಒಳಗೆ ಕರ್ಕೊಂಡೋಗಮ್ಮ. ಬಿ.ಪಿ. ಏರೀತು."

ಅವ್ವ ಅಳುತ್ತಾ ಅಪ್ಪನ ತೋಳು ಹಿಡಿದಳು. ಅಪ್ಪ ಎಡಗೈಯಿಂದ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡ. ಬಿಡಲೇ ಇಲ್ಲ. ಚಿಕ್ಕಪ್ಪನನ್ನು ನೋಡಿದ, ರಾಜಣ್ಣನನ್ನು ನೋಡಿದ. ಆಮೇಲೆ ಜ್ಯೋತಿಯನ್ನು ನೋಡಿದ. ಜ್ಯೋತಿಯೂ ಅವನ ಕಣ್ಣನ್ನೇ ನೋಡಿದಳು. ಅದು ಏನೂ ಗೊತ್ತಿಲ್ಲದವರ ಕಣ್ಣಲ್ಲ. ಕ್ಲಾಸಲ್ಲಿ ಉತ್ತರ ಗೊತ್ತಿದ್ದು ಕೈ ಎತ್ತಿದರೂ ಮಿಸ್ ತನ್ನನ್ನು ಕೇಳದಿದ್ದಾಗ ತನಗೆ ಆಗುತ್ತದಲ್ಲ, ಆ ಥರ.

ಟಾರ್ಚ್ ಕೆಳಗಿಟ್ಟು ಜಗಲಿಗೆ ಓಡಿದಳು. ಅಜ್ಜಿ ಸೂರಮ್ಮ ಅಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ಅಜ್ಜಿ ರಾಯದುರ್ಗದ ಕಡೆಯವಳು, ಅರ್ಧ ತೆಲುಗು ಅರ್ಧ ಕನ್ನಡ.

"ಅಜ್ಜೀ, ಕಡಾಣಿ ಅಂದ್ರೇನು?"

"ಏಮೇ, ನಿನ್ ಸ್ಕೂಲಾಗೆ ಇದೂ ಕಲ್ಸಿಲ್ವಾ?" ಅಂದಳು ಅಜ್ಜಿ. "ಗಾಡಿ ಅಚ್ಚಿನ ತುದೀಗೆ ಹಾಕೋ ಕೀಲು ಕಣೇ. ಅದಿಲ್ದಿದ್ರೆ ಚಕ್ರ ಕಳಚ್ಕೊಂಡು ಹೋಗ್ತೈತೆ. ನಿಮ್ ತಾತ ಶೇಂಗಾ ಮೂಟೆ ಹೇರ್ಕೊಂಡು ಚಳ್ಳಕೆರೆ ಮಂಡಿಗೆ ಹೊರಟ್ರೆ, ಕಡಾಣಿ ನೋಡೋದು, ಕೀಲೆಣ್ಣೆ ಬಿಡೋದು ಎಲ್ಲಾ ನಿಮ್ಮಪ್ಪನ ಕೆಲ್ಸ. ಇಷ್ಟುದ್ದ ಇದ್ದ."

"ಕೀಲೆಣ್ಣೆ ಅಂದ್ರೆ?"

"ಅಚ್ಚಿಗೆ ಬಿಡೋ ಎಣ್ಣೆ. ಹರಳೆಣ್ಣೆ, ಮಸಿ ಕಲ್ಸಿ ಮಾಡ್ತಿದ್ವಿ. ಕರ್ರಗೆ ಇರ್ತಿತ್ತು."

ಕರ್ರಗೆ! ಜ್ಯೋತಿಯ ಕಣ್ಣ ಮುಂದೆ ಗ್ರೀಸಿನ ಡಬ್ಬಿ ಬಂತು. ಗಾಳಿಯನ್ನು ಒತ್ತುತ್ತಿದ್ದ ಅಪ್ಪನ ಹೆಬ್ಬೆರಳು ಬಂತು. ಸವರಿದರೆ ಸಾಲದು, ಒಳಗೆ ಒತ್ತಿ ತುಂಬಬೇಕು ಅಂತ ಅಪ್ಪ ಹೇಳುತ್ತಿದ್ದ. ಅಪ್ಪ ಗಾಡಿಯ ಮಾತು ಆಡುತ್ತಿರಲಿಲ್ಲ. ಕಾರಿನ ಮಾತೇ ಆಡುತ್ತಿದ್ದ. ಹಾಗಾದರೆ ಕಡಾಣಿ?

"ಚಿಕ್ಕಪ್ಪಾ! ಚಿಕ್ಕಪ್ಪಾ! ಇದಕ್ಕೂ ಕಡಾಣಿ ಐತಾ?"

ಚಿಕ್ಕಪ್ಪ ಬೂಟಿನ ಕ್ಲಿಪ್ ಕೈಗೆತ್ತಿಕೊಂಡಿದ್ದ. "ನೀನೂ ಶುರು ಮಾಡಿದ್ಯಾ?"

"ಅಲ್ಲ ಚಿಕ್ಕಪ್ಪಾ, ಕಳಚಿ ಬರ್ದಂಗೆ ತುದೀಗೆ ಏನಾದ್ರೂ ಹಾಕ್ತಾರಲ್ಲ, ಅದು! ಈ ರಾಡಿನ ತುದೀಗೆ ಅಂಥದ್ದು ಐತಾ?"

ಚಿಕ್ಕಪ್ಪನ ಕೈ ನಿಂತಿತು. ಬಾಯಿ ಅರ್ಧ ತೆರೆಯಿತು. ಕ್ಲಿಪ್ ಪಕ್ಕಕ್ಕಿಟ್ಟು ಬೂಟು ಹಿಂದಕ್ಕೆ ಸರಿಸಿದ. ಒಂದು ಕೈಯಲ್ಲಿ ಜಾಯಿಂಟು, ಒಂದು ಕೈಯಲ್ಲಿ ರಾಡು ಹಿಡಿದು ಎಳೆದ.

ಪಚಕ್ಕನೆ ರಾಡು ಕಳಚಿ ಬಂತು.

"ಅಯ್ಯೋ ಶಿವನೇ," ಅಂದ. "ಲಾಕು! ಲಾಕೇ ಹಾಕಿಲ್ಲ ನಾನು."

ತಂದಿದ್ದ ಪೊಟ್ಟಣವನ್ನು ಕೊಡವಿದ. ಮೂಲೆಯಲ್ಲಿ ಅಂಟಿಕೊಂಡಿದ್ದ ಒಂದು ಪುಟ್ಟ ತಂತಿಯ ಉಂಗುರ ಕೆಳಗೆ ಬಿತ್ತು. ನಿಮ್ಮ ಹೆಬ್ಬೆರಳಿಗೆ ಸ್ವಲ್ಪ ಸಡಿಲ ಆಗುವಂಥ ಉಂಗುರ. ರಾಡಿನ ತುದಿಯಲ್ಲಿ ಅದಕ್ಕಂತಲೇ ಒಂದು ಸಣ್ಣ ಗೀರು ಇರುತ್ತದೆ.

"ಇದಿಲ್ದೆ ಹಳ್ಳ ಇಳಿದು ಹತ್ತಿದ್ರೆ ದಾರೀಲೇ ಕಳಚ್ತಿತ್ತು ಅಣ್ಣಾ," ಅಂದ ರಾಜಣ್ಣನಿಗೆ. ರಾಜಣ್ಣ ಕೈಯಲ್ಲಿದ್ದ ಟವೆಲ್ಲನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟರು.

ಚಿಕ್ಕಪ್ಪ ಗ್ರೀಸನ್ನು ಮತ್ತೆ ತೆಗೆದ. ಈ ಸಲ ಹೆಬ್ಬೆರಳಿಂದ ಒತ್ತಿ ಒತ್ತಿ ತುಂಬಿದ, ಗುಂಡುಗಳ ಸಂದಿಯಿಂದ ಉಕ್ಕಿ ಬರುವವರೆಗೆ. ಉಳಿದದ್ದನ್ನು ಬೂಟಿನೊಳಗೆ ಹಾಕಿದ. ಲಾಕ್ ಕೂರಿಸಿ ಸುತ್ತಿಗೆ ಎತ್ತಿದ. ಬಡಿಯುವ ಮುಂಚೆ ಅಣ್ಣನ ಕಡೆ ನೋಡಿದ. ಅಪ್ಪ ಕಣ್ಣು ಮುಚ್ಚಿಕೊಂಡ, ಕಿವಿ ಮಾತ್ರ ಈ ಕಡೆ ಕೊಟ್ಟು.

ಟಕ್!

ಅಪ್ಪ ಕಣ್ಣು ಬಿಟ್ಟ. ಉಸಿರು ಬಿಟ್ಟ. ಆ 'ಟಕ್' ಮೊದಲ ಸಲ ಕೇಳಿಸಿರಲಿಲ್ಲ, ಅದನ್ನೇ ಅಪ್ಪ ಆಗಿನಿಂದ ಹೇಳುತ್ತಿದ್ದದ್ದು. ಚಿಕ್ಕಪ್ಪ ರಾಡು ಹಿಡಿದು ಎಳೆದು ನೋಡಿದ. ಅಲುಗಲಿಲ್ಲ. ಕ್ಲಿಪ್ ಬಿಗಿಯುವಾಗ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಗ್ರೀಸಿನ ಕೈಯಲ್ಲೇ ಒರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡ.

ಚಕ್ರ ಕೂರಿಸಿದ ಮೇಲೆ ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದ. ಕಾರು ಕಟ್ ಅನ್ನಲಿಲ್ಲ, ಕಟಕಟ ಅನ್ನಲಿಲ್ಲ. ರಾಜಣ್ಣ ಹೊರಡುವಾಗ ಅಪ್ಪನ ಎರಡೂ ಕೈ ಹಿಡಿದುಕೊಂಡರು. ಏನೂ ಪ್ರಶ್ನೆ ಕೇಳಲಿಲ್ಲ.

ಜ್ಯೋತಿಗೆ ಕುಣಿಯಬೇಕು ಅನ್ನಿಸಿತು. ಅಪ್ಪನಿಗೆ ಎಲ್ಲಾ ಗೊತ್ತು! ಎಲ್ಲಾ ಅಂದರೆ ಎಲ್ಲಾ! ಇನ್ನು ಬೀಗ ಯಾಕೆ, ಸಾಮಾನು ಒಯ್ಯೋದು ಯಾಕೆ? ಓಡಿಹೋಗಿ ಒಂದು ಸ್ಪ್ಯಾನರ್ ತಂದು ಅಪ್ಪನ ಬಲಗೈಯಲ್ಲಿಟ್ಟಳು.

"ಹಿಡ್ಕೋ ಅಪ್ಪಾ."

ಠಣ್ ಅಂತ ಕೆಳಗೆ ಬಿತ್ತು. ಎತ್ತಿ ಮತ್ತೆ ಇಟ್ಟಳು. ಬೆರಳುಗಳನ್ನು ತಾನೇ ಮಡಚಿದಳು. ಬಿಟ್ಟ ತಕ್ಷಣ ಮತ್ತೆ ಬಿತ್ತು.

"ಹೋಗ್ಲಿ ಬಿಡು. ನನ್ ಹೆಸ್ರು ಹೇಳು ಸಾಕು. ಒಂದೇ ಸಲ. ಜ್ಯೋ... ಅನ್ನು. ಜ್ಯೋ..."

ಅಪ್ಪನ ತುಟಿ ಅಲುಗಿತು. ಹಣೆ ಗಂಟಾಯಿತು. ಬರಲಿಲ್ಲ. ಮತ್ತೆ ನೋಡಿದ. ಬರಲಿಲ್ಲ. ಕಣ್ಣು ತುಂಬಿ, ಕೆನ್ನೆ ಮೇಲೆ ಹರಿದು, ಅಂಗಿಯ ಮೇಲೆ ಬಿತ್ತು. ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

ಜ್ಯೋತಿಗೆ ತನ್ನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಹೇಳತೀರದು. ಬಂದವರೆಲ್ಲ ಮಾಡಿದ್ದನ್ನೇ ತಾನೂ ಮಾಡಿದ್ದಳು. ಅಪ್ಪನ ಮಡಿಲಲ್ಲಿ ಮುಖ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನ ಎಡಗೈ ಅವಳ ತಲೆಯ ಮೇಲೆ ಬಂತು. ಆ ಕೈ ಭಾರವಾಗಿತ್ತು.

ಮಧ್ಯಾಹ್ನ ಚಿಕ್ಕಪ್ಪ ಸಾಮಾನೆಲ್ಲ ಎರಡು ಚೀಲಕ್ಕೆ ತುಂಬಿದ. ಒಂದೊಂದನ್ನೂ ಒರೆಸಿ, ಅಣ್ಣನಿಗೆ ತೋರಿಸಿ ಆಮೇಲೆ ಹಾಕಿದ. ಅಪ್ಪ ಒಂದೊಂದಕ್ಕೂ ತಲೆ ಆಡಿಸಿದ. ಅವ್ವ ಗ್ಯಾರೇಜಿಗೆ ಬೀಗ ಹಾಕಿದಳು. ಬಸ್ಸಿಗೆ ಹೊರಟ ಚಿಕ್ಕಪ್ಪನ ಹೆಗಲು ಚೀಲದ ಭಾರಕ್ಕೆ ಒಂದು ಕಡೆ ವಾಲಿತ್ತು. ಬೀದಿಯಲ್ಲಿ ಮಗ್ಗಗಳ ಸದ್ದು ಎಂದಿನ ಹಾಗೆ ಕೇಳುತ್ತಿತ್ತು. ಗ್ಯಾರೇಜಿನ ಕಡೆಯಿಂದ ಮಾತ್ರ ಏನೂ ಕೇಳುತ್ತಿರಲಿಲ್ಲ.

ಸಂಜೆ ಜ್ಯೋತಿ ಜಗಲಿಯ ಮೇಲೆ ಹೋಂವರ್ಕ್ ಹಿಡಿದು ಕೂತಿದ್ದಳು. ಒಂದು ಲೆಕ್ಕವೂ ತಲೆಗೆ ಹತ್ತಲಿಲ್ಲ.

ಒಳಗಿಂದ ಅಪ್ಪನ ದನಿ ಬಂತು.

"ಮಜ್ಜಿಗೇ..."

ಅವ್ವ ಖುಷಿಯಿಂದ ಎದ್ದಳು. "ಸರಿಯಾಗಿ ಹೇಳಿದ್ರು ನೋಡೇ! ಮಜ್ಜಿಗೆ ಬೇಕಂತೆ." ಲೋಟ ತುಂಬಿಸಿ ಒಯ್ದಳು.

ಅಪ್ಪ ಲೋಟ ಪಕ್ಕಕ್ಕೆ ಸರಿಸಿದ. "ಮಜ್ಜಿಗೇ... ಏ ಮಜ್ಜಿಗೇ..."

"ಇದೇ ಅಲ್ವೇನ್ರೀ ಮಜ್ಜಿಗೆ? ಉಪ್ಪು ಬೇಕಾ? ತಗಳ್ರೀ."

ಜ್ಯೋತಿಯ ಪೆನ್ಸಿಲ್ ನಿಂತಿತು. ಪದವನ್ನು ಬಿಟ್ಟು ದನಿಯನ್ನಷ್ಟೇ ಕೇಳಿದಳು. ಕೊನೆಯಲ್ಲಿ ಹಾಗೆ ಎಳೆದು, ಸ್ವಲ್ಪ ಮೇಲಕ್ಕೆತ್ತಿ ಬಿಡುವುದು. ಕಾರಿನ ಅಡಿಯಲ್ಲಿ ಮಲಗಿಕೊಂಡು ಅಪ್ಪ ಒಬ್ಬರನ್ನು ಮಾತ್ರ ಹಾಗೆ ಕರೆಯುತ್ತಿದ್ದ. ಟಾರ್ಚ್ ತಾ ಅಂತಲೋ, ನೀರು ತಾ ಅಂತಲೋ, ಸುಮ್ಮನೆ ಬಾ ಅಂತಲೋ.

ಪುಸ್ತಕ ಮುಚ್ಚಿ ಎದ್ದಳು.

"ನಿನ್ನನ್ಯಾರೇ ಕರೆದ್ರು?" ಅಂದಳು ಅವ್ವ, ಲೋಟ ಹಿಡಿದುಕೊಂಡೇ.

"ಬಂದೆ ಅಪ್ಪಾ," ಅಂದಳು ಜ್ಯೋತಿ. ಹೋಗಿ ಅಪ್ಪನ ಎಡಗಡೆ ಕೂತಳು.